ಮಕ್ಕಳಿಗೆ ಘನಾಕೃತಿಗಳ ಚಿತ್ರ ಕಲಿಸಲು ಇಂಕ್‌ಸ್ಕೇಪ್ ಸಾಕೇ, ಕ್ಯಾಡ್ ಬೇಕೇ?

ಕುಂಬಳೆಯ ಸಮೀಪದ ಕನ್ನಡ ಮಾಧ್ಯಮ ಹೈಸ್ಕೂಲೊಂದರಲ್ಲಿ ಗಣಿತದ ಜೊತೆಗೆ ಐಸಿಟಿ (ಕಂಪ್ಯೂಟರ್) ಪಾಠವೂ ನನ್ನ ಪಾಲಿಗೆ ಬಂದ ವರ್ಷ, ನಿಮ್ಮದೇ ಪ್ರಶ್ನೆ ನನ್ನನ್ನೂ ಕಾಡಿತ್ತು: ಚಿತ್ರ ಬಿಡಿಸುವ ತಂತ್ರಾಂಶವಾದ ಇಂಕ್‌ಸ್ಕೇಪ್ ಸಾಕೇ, ಯಂತ್ರ, ಕಟ್ಟಡಗಳ ವಿನ್ಯಾಸಕ್ಕೆ ಬಳಸುವ ಕ್ಯಾಡ್ ಬೇಕೇ? ನಾನು ಇಂಕ್‌ಸ್ಕೇಪನ್ನು ಆರಿಸಿಕೊಂಡೆ. ಅರ್ಧ ವರ್ಷ ವ್ಯರ್ಥವಾಯಿತು. ತಪ್ಪು ತಂತ್ರಾಂಶದ್ದಲ್ಲ.

ಮಕ್ಕಳ ಕೈಗೆ ವಸ್ತುವನ್ನು ಕೊಡುವ ಮೊದಲೇ ನಾನು ಮೌಸ್ ಕೊಟ್ಟೆ. ಇಂಕ್‌ಸ್ಕೇಪಿನಲ್ಲಿ ಆಕ್ಸೊನೊಮೆಟ್ರಿಕ್ ಗ್ರಿಡ್ ತೆರೆದರೆ 30 ಡಿಗ್ರಿ ಓರೆಯ ಗೆರೆಗಳು ಪರದೆಯ ತುಂಬ ಸಿದ್ಧವಾಗಿರುತ್ತವೆ, ಸ್ನ್ಯಾಪ್ ಹಾಕಿದರೆ ಬಿಂದು ತಾನಾಗಿಯೇ ಗೆರೆಗಳು ಕೂಡುವಲ್ಲಿಗೆ ಹೋಗಿ ಕೂರುತ್ತದೆ. ಎರಡೇ ವಾರಗಳಲ್ಲಿ ಒಂಬತ್ತನೆಯ ತರಗತಿಯವರೆಲ್ಲರೂ ಅಚ್ಚುಕಟ್ಟಾದ ಘನಗಳನ್ನು ಬಿಡಿಸಿದರು, ನಾನು ಬೀಗಿದೆ. ಆದರೆ ಅವರು ಕಲಿತದ್ದು ಗೆರೆ ಹಿಡಿದು ಹೋಗುವುದನ್ನು ಮಾತ್ರ. ಒಂದು ಷಡ್ಭುಜ, ಅದರ ನಡುವಿನಿಂದ ಹೊರಟ ಮೂರು ಗೆರೆಗಳು: ಇದು ಹೊರಗಿನಿಂದ ಕಂಡ ಪೆಟ್ಟಿಗೆಯೋ, ಒಳಗಿನಿಂದ ಕಂಡ ಕೋಣೆಯ ಮೂಲೆಯೋ ಎಂದು ಒಂದು ದಿನ ಕೇಳಿದೆ. ತಾವೇ ಬಿಡಿಸಿದ ಚಿತ್ರದ ಮುಂದೆ ಎಲ್ಲರೂ ಸುಮ್ಮನೆ ಕುಳಿತರು. ಆ ಗೆರೆಗಳು ಎರಡಕ್ಕೂ ಒಪ್ಪುತ್ತವೆ ಎಂದು ಹೇಳಬೇಕಾದರೆ ಪೆಟ್ಟಿಗೆಯೂ ಕೋಣೆಯೂ ಮನಸ್ಸಿನಲ್ಲಿ ತಿರುಗಬೇಕು; ಅವರ ಮನಸ್ಸಿನಲ್ಲಿದ್ದದ್ದು ನಾನು ಹೇಳಿಕೊಟ್ಟ ಕ್ಲಿಕ್ಕುಗಳ ಸಾಲು.

ಮರುವರ್ಷ ಮೂರು ವಾರ ಕಂಪ್ಯೂಟರ್ ಕೋಣೆಯ ಬಾಗಿಲನ್ನೇ ತೆಗೆಯಲಿಲ್ಲ. ಆವರಣ ಗೋಡೆ ಕಟ್ಟಿ ಉಳಿದಿದ್ದ ಮುರಕಲ್ಲುಗಳನ್ನು ಮೂರು ಮೆಟ್ಟಿಲಾಗಿ ಜೋಡಿಸಿ, ಒಂದು ಕಣ್ಣು ಮುಚ್ಚಿ ನೋಡಿ ಬರೆಯಲು ಹೇಳಿದೆ. 'ಮೇಲ್ನೋಟ ಬರೆಯಿರಿ' ಎಂದಾಗ ಒಬ್ಬಳು, "ಸರಿಯಾಗಿ ನೋಡಿ ಬರೆದ್ರೆ ಆಗುದಿಲ್ವಾ ಟೀಚರ್?" ಎಂದಳು. ಅಂದಿನಿಂದ ಆ ಪದವನ್ನು ಬಿಟ್ಟು 'ಮೇಲಿನಿಂದ ಕಂಡದ್ದು' ಎನ್ನುತ್ತೇನೆ. ಹೆಚ್ಚಿನವರು ಆ ಚಿತ್ರದಲ್ಲೂ ಮೆಟ್ಟಿಲಿನ ಏರಿಳಿತವನ್ನೇ ಬರೆದಿದ್ದರು. ಬೆಂಚಿನ ಮೇಲೆ ಹತ್ತಿಸಿ ಬಗ್ಗಿ ನೋಡಿಸಿದಾಗಲೇ, ಎತ್ತರ ಮಾಯವಾಗಿ ಮೂರು ಪಟ್ಟಿಗಳಷ್ಟೇ ಉಳಿಯುತ್ತವೆ ಎಂಬುದು ಅವರಿಗೆ ಹೊಳೆದದ್ದು.

ಆದ್ದರಿಂದ ಯಾವ ತಂತ್ರಾಂಶ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಆರಂಭದಲ್ಲಂತೂ ಕ್ಯಾಡ್ ಇನ್ನೂ ಕೆಟ್ಟದ್ದು. ಮುಂದಿನಿಂದ, ಮೇಲಿನಿಂದ, ಬದಿಯಿಂದ ಹೇಗೆ ಕಾಣುತ್ತದೆಂದು ಮಗು ಊಹಿಸಬೇಕಾದ ಮೂರು ನೋಟಗಳನ್ನು ಅದೇ ತಯಾರಿಸಿ ಕೈಗಿಡುತ್ತದೆ. ಕಲ್ಲು, ಕತ್ತರಿಸಿದ ಬಾರ್ ಸೋಪು, ಪೆನ್ಸಿಲ್, ಚೌಕುಳಿ ಪುಸ್ತಕ ಮೊದಲು ಬರಲಿ. ವೀಡಿಯೊ ತೋರಿಸುವುದಿದ್ದರೆ ಮೊದಲು ನೀವೇ ನೋಡಿಕೊಳ್ಳಿ: ನಮ್ಮ ದೇಶದ ಮಾನಕದಂತೆ ಮೇಲಿನಿಂದ ಕಂಡ ಚಿತ್ರ ಮುಂಭಾಗದ ಚಿತ್ರದ ಕೆಳಗೆ ಬರುತ್ತದೆ, ಅಮೆರಿಕದವರು ಅದನ್ನು ಮೇಲೆ ಬರೆಯುತ್ತಾರೆ.