ರವಿ ಕಿಶನ್ ಬೆಳೆದದ್ದು ಬಿಗ್ ಬಾಸ್‌ನಿಂದಲೇನಾ?

ಪ್ರಿಯ ಓದುಗರೆ,

ಭೋಜ್‌ಪುರಿ ನಟ ರವಿ ಕಿಶನ್ ಬಗ್ಗೆ ನಾವು ಹಾಕಿದ ಲೇಖನ ಓದಿ ನೀವು ಬರೆದ ಪತ್ರ ತಲುಪಿತು. "ಬಿಗ್ ಬಾಸ್ ಮನೆಗೆ ಹೋಗದಿದ್ದರೆ ಈ ಮನುಷ್ಯನನ್ನು ಯಾರು ಕೇಳುತ್ತಿದ್ದರು? ಕ್ಯಾಮೆರಾ ಮುಂದೆ ಜಗಳ ಆಡಿದವರೆಲ್ಲ ಸ್ಟಾರ್ ಆಗೋದಾದರೆ ನಟನೆ ಯಾಕೆ ಕಲಿಯಬೇಕು?" ಎಂದು ಕೇಳಿದ್ದೀರಿ. ಸಿಟ್ಟು ಅರ್ಥವಾಗುತ್ತದೆ. ಆದರೆ ಇವರ ವಿಷಯದಲ್ಲಿ ಆ ಮಾತು ಒಪ್ಪುವಂಥದ್ದಲ್ಲ.

ಹಿಂದಿಯ ಮೊದಲ ಬಿಗ್ ಬಾಸ್ ಶುರುವಾದದ್ದು 2006ರ ನವೆಂಬರ್‌ನಲ್ಲಿ. ಅಷ್ಟು ಹೊತ್ತಿಗೆ ರವಿ ಕಿಶನ್ ಮುಂಬೈನಲ್ಲಿ ವರ್ಷಗಟ್ಟಲೆ ಅಲೆದಾಗಿತ್ತು. ಉತ್ತರ ಪ್ರದೇಶದ ಜೌನ್‌ಪುರ ಜಿಲ್ಲೆಯ ಹಳ್ಳಿ ಹುಡುಗ. ರಾಮಲೀಲೆಯಲ್ಲಿ ಸೀತೆಯ ಪಾತ್ರ ಮಾಡುತ್ತಿದ್ದ. ಮಗ ಸೀರೆ ಉಟ್ಟು ಕುಣಿಯೋದು ಅಪ್ಪನಿಗೆ ಹಿಡಿಸಲಿಲ್ಲ, ಚೆನ್ನಾಗಿ ಬಾರಿಸಿದರು. ಅಮ್ಮ ಐನೂರು ರೂಪಾಯಿ ಕೈಗಿಟ್ಟು ಹೊರಡು ಅಂದರು. ಇದನ್ನು ರವಿ ಕಿಶನ್ ತಾವೇ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಆಮೇಲೆ ಹಿಂದಿ ಸಿನಿಮಾಗಳಲ್ಲಿ ಸಣ್ಣಪುಟ್ಟ ಪಾತ್ರಗಳು. ಭೋಜ್‌ಪುರಿ ಸಿನಿಮಾ ಮತ್ತೆ ಚಿಗುರಿದಾಗಲೇ ಅವರಿಗೆ ಹೀರೋ ಪಟ್ಟ ಸಿಕ್ಕಿದ್ದು. ಅವರು ನಟಿಸಿದ 'ಕಬ್ ಹೋಯಿ ಗವನಾ ಹಮಾರ್' 2005ನೇ ಸಾಲಿನ ರಾಷ್ಟ್ರಪ್ರಶಸ್ತಿ ಪಡೆಯಿತು. ಬಿಹಾರ, ಪೂರ್ವ ಉತ್ತರ ಪ್ರದೇಶದಲ್ಲಿ, ಅಲ್ಲಿಂದ ದುಡಿಯಲು ಹೋದವರು ತುಂಬಿರುವ ಮುಂಬೈನಲ್ಲಿ ಅವರು ಆಗಲೇ ಸ್ಟಾರ್. ನಮಗೆ ಗೊತ್ತಿರಲಿಲ್ಲ, ಅಷ್ಟೇ.

ಹಾಗಾದರೆ ಬಿಗ್ ಬಾಸ್ ಏನು ಮಾಡಿತು? ನನ್ನ ಪ್ರಕಾರ, ಅವರ ಮಾತನ್ನು ಎಲ್ಲರ ಮನೆಗೂ ತಲುಪಿಸಿತು. ಹಿಂದಿ ಪರದೆಯ ಮೇಲೆ ಭೋಜ್‌ಪುರಿ ಧಾಟಿಯ ಮಾತು ಜಾಸ್ತಿ ಸಿಗುತ್ತಿದ್ದದ್ದು ಮನೆಯಾಳು, ವಾಚ್‌ಮನ್, ಹಾಲಿನವನ ಬಾಯಲ್ಲಿ, ಅದೂ ನಗಿಸೋಕೆ. ಇವರು ಅದೇ ಧಾಟಿಯಲ್ಲಿ, ಯಾವ ಹಿಂಜರಿಕೆಯೂ ಇಲ್ಲದೆ ಆ ಮನೆಯಲ್ಲಿ ಕೊನೆಯವರೆಗೂ ಉಳಿದರು. "ಜಿಂದಗಿ ಝಂಡ್ ಬಾ, ಫಿರ್ ಭೀ ಘಮಂಡ್ ಬಾ" ಎಂಬ ಅವರ ಮಾತು ಊರೂರಿಗೂ ಹಬ್ಬಿತು. ಬದುಕು ಹಾಳಾಗಿದ್ದರೂ ಜಂಬಕ್ಕೇನೂ ಕಮ್ಮಿಯಿಲ್ಲ ಎಂದು ತಲೆ ಎತ್ತಿ ಹೇಳುವ ಮಾತದು. ರಾಹುಲ್ ರಾಯ್ ಗೆದ್ದರು, ಕ್ಯಾರಲ್ ಗ್ರೇಸಿಯಸ್ ಎರಡನೆಯವರು, ರವಿ ಕಿಶನ್ ಮೂರನೆಯವರು. ಆ ಮೂವರಲ್ಲಿ ಆಮೇಲೆ ಸಿನಿಮಾದಲ್ಲಿ ಹೆಚ್ಚು ಕೆಲಸ ಮಾಡಿದ್ದು ಯಾರು ಅಂತ ನಿಮಗೇ ಗೊತ್ತು.

ಶ್ಯಾಮ್ ಬೆನೆಗಲ್, ಮಣಿರತ್ನಂ ಅಂಥ ನಿರ್ದೇಶಕರು ರವಿ ಕಿಶನ್ ಅವರನ್ನು ಕರೆದರು. ತೆಲುಗಿನಲ್ಲಿ ಖಳನಾಗಿ ಬೇಡಿಕೆ ಬಂತು. ಕನ್ನಡದ 'ಹೆಬ್ಬುಲಿ'ಯಲ್ಲಿ (2017) ಸುದೀಪ್ ಎದುರು ನಿಂತರು. ನಮ್ಮ ಬಿಗ್ ಬಾಸ್ ನಡೆಸುವವರೂ ಸುದೀಪ್ ಅವರೇ ಅಲ್ವಾ! 2014ರಲ್ಲಿ ಜೌನ್‌ಪುರದಲ್ಲಿ ಕಾಂಗ್ರೆಸ್‌ನಿಂದ ನಿಂತು ಸೋತವರು, 2019ರಲ್ಲಿ ಬಿಜೆಪಿಯಿಂದ ಗೋರಖ್‌ಪುರದ ಸಂಸದರಾದರು.

ಜಗಳದಿಂದಲೇ ಸ್ಟಾರ್ ಆಗ್ತಾರೆ ಅನ್ನೋದೂ ನಿಲ್ಲುವ ಮಾತಲ್ಲ. ಭೋಜ್‌ಪುರಿ ಗಾಯಕ, ನಟ ಖೇಸಾರಿ ಲಾಲ್ ಯಾದವ್ 2019ರಲ್ಲಿ ಬಿಗ್ ಬಾಸ್ ಮನೆಗೆ ವೈಲ್ಡ್ ಕಾರ್ಡ್‌ನಲ್ಲಿ (ಆಟ ಶುರುವಾದ ಮೇಲೆ ನಡುವೆ) ಹೋಗಿ ಕೆಲವೇ ವಾರದಲ್ಲಿ ಹೊರಬಂದರು. ಅವರ ಹಾಡುಗಳ ಹುಚ್ಚು ಬಿಹಾರದಲ್ಲಿ ಕಮ್ಮಿಯಾಗಲಿಲ್ಲ. ನಟಿ ಮೊನಾಲಿಸಾ ಅವರಿಗೆ ಮಾತ್ರ ಆ ಮನೆಯಿಂದ ಲಾಭವಾಯಿತು, ಹಿಂದಿ ಧಾರಾವಾಹಿಯ ದೊಡ್ಡ ಪಾತ್ರ ಸಿಕ್ಕಿತು. ಆದರೆ ಅವರೂ ಅಷ್ಟು ಹೊತ್ತಿಗೆ ಭೋಜ್‌ಪುರಿಯಲ್ಲಿ ಸಾಲು ಸಾಲು ಸಿನಿಮಾ ಮಾಡಿ ಪಳಗಿದ್ದವರು.

ನಟನೆ ಯಾಕೆ ಕಲಿಯಬೇಕು ಎಂಬ ಪ್ರಶ್ನೆಗೆ ನಾನು ಉತ್ತರ ಹೇಳೋದಕ್ಕಿಂತ ನೀವು ಹಿಂದಿ ಸಿನಿಮಾ 'ಲಾಪತಾ ಲೇಡೀಸ್' ನೋಡಿ. ಪಾನ್ ಜಗಿಯುತ್ತಾ, ಲಂಚಕ್ಕೆ ಹೊಂಚು ಹಾಕುತ್ತಾ ಕೂತ, ರವಿ ಕಿಶನ್ ಮಾಡಿದ ಆ ಇನ್‌ಸ್ಪೆಕ್ಟರ್ ಕೊನೆಗೆ ಏನು ಮಾಡುತ್ತಾನೆ ಎಂದು ಗಮನಿಸಿ. ನೋಡಿದ ಮೇಲೆ ಇನ್ನೊಂದು ಪತ್ರ ಬರೆಯಿರಿ, ಖಂಡಿತ ಪ್ರಕಟಿಸುತ್ತೇವೆ.

- ಸಂಪಾದಕ