ಓದುಗರ ಪ್ರಶ್ನೆ: ಹೊಗೆಯ ಇಂಗಾಲ ಎಲ್ಲಿ ಸೇರುತ್ತದೆ?

ಪ್ರಶ್ನೆ: ಸಮುದ್ರದಲ್ಲಿ ಮರಗಳಿಲ್ಲ. ಆದರೂ ಅದು ಇಂಗಾಲದ ಡೈಆಕ್ಸೈಡ್ ಹೀರುತ್ತದಂತೆ, ಹೇಗೆ? ಮನೆಯಲ್ಲಿ ಮಾಡಿ ನೋಡಬಹುದಾ?
ವಿದ್ಯಾರ್ಥಿನಿ, ಗೌರಿಬಿದನೂರು

ಉತ್ತರ: ಬರಿಗಣ್ಣಿಗೆ ಕಾಣದ ಸಸ್ಯಪ್ಲವಕಗಳು ಅಲ್ಲೂ ಬಿಸಿಲಿನಲ್ಲಿ ಆಹಾರ ತಯಾರಿಸುತ್ತವೆ, ಸತ್ತಾಗ ಸ್ವಲ್ಪ ಪಾಲು ತಳ ಸೇರುತ್ತದೆ. ಆದರೆ ನಾವು ಹೆಚ್ಚುವರಿಯಾಗಿ ಬಿಟ್ಟ ಅನಿಲವನ್ನು ಹಿಡಿಯುತ್ತಿರುವುದು ಮುಖ್ಯವಾಗಿ ನೀರಿನ ರಸಾಯನ. ಅನಿಲ ಕರಗಿ ಕಾರ್ಬಾನಿಕ್ ಆಮ್ಲವಾಗುತ್ತದೆ. ನೀರಿನಲ್ಲಿ ಮೊದಲೇ ಇರುವ ಕಾರ್ಬೊನೇಟ್ ಜೊತೆ ಸೇರಿ ಅದು ಬೈಕಾರ್ಬೊನೇಟ್ ಆಗುತ್ತದೆ. ಸಮುದ್ರದಲ್ಲಿ ಕರಗಿರುವ ಅಜೈವಿಕ ಇಂಗಾಲದ ಸುಮಾರು 90% ಈ ರೂಪದಲ್ಲೇ ಇದೆ, ಅನಿಲವಾಗಿ ಉಳಿದಿರುವುದು 1%ರ ಆಸುಪಾಸು. ಅದಕ್ಕೇ ಸಮುದ್ರಕ್ಕೆ ಇನ್ನಷ್ಟು ಹೀರಲು ಜಾಗವಿದೆ. ಬಿಸಿಲಲ್ಲಿಟ್ಟ ಗೋಲಿಸೋಡಾ ಜೋರಾಗಿ ಬುಸ್ಸೆನ್ನುತ್ತದಲ್ಲ, ಹಾಗೇ ನೀರು ಬಿಸಿಯಾದಷ್ಟೂ ಅನಿಲ ಹಿಡಿಯುವ ಶಕ್ತಿ ಇಳಿಯುತ್ತದೆ. ಧ್ರುವಗಳ ಹತ್ತಿರದ ತಣ್ಣನೆಯ ಭಾರದ ನೀರು ಅನಿಲ ಹೊತ್ತು ಮುಳುಗಿದರೆ ಮೇಲೆ ಬರಲು ನೂರಾರು ವರ್ಷ ಬೇಕು.

ಪ್ರಯೋಗ ಹೀಗೆ. ಎಲೆಅಡಿಕೆಯ ಸುಣ್ಣ ಒಂದು ಚಮಚ, ನೀರು ಒಂದು ಲೀಟರ್. ಕಲಕಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಮೇಲಿನ ತಿಳಿ ಮಾತ್ರ ಬಸಿಯಿರಿ. ಒಂದು ಪಾಲು ತಿಳಿಗೆ ಹತ್ತು ಪಾಲು ನೀರು ಬೆರೆಸಿ ಸ್ಟ್ರಾದಲ್ಲಿ ಊದಿ. ಮೊದಲು ತೆಳುವಾಗಿ ಹಾಲುಬಣ್ಣ ಬರುತ್ತದೆ, ಅದು ಕ್ಯಾಲ್ಸಿಯಂ ಕಾರ್ಬೊನೇಟ್. ನಡುನಡುವೆ ಸುಧಾರಿಸಿಕೊಂಡು ಐದು-ಹತ್ತು ನಿಮಿಷ ಊದುತ್ತಲೇ ಇದ್ದರೆ ಮತ್ತೆ ತಿಳಿಯಾಗುತ್ತದೆ. ಕಾರ್ಬೊನೇಟ್ ಬೈಕಾರ್ಬೊನೇಟ್ ಆಗಿ ಕರಗಿತು. ಶಂಖ, ಹವಳಗಳಿಗೆ ತೊಂದರೆ ಇದೇ: ಸಮುದ್ರದ ಪಿಎಚ್ (ಆಮ್ಲ-ಕ್ಷಾರದ ಅಳತೆ, ಇಳಿದಷ್ಟೂ ಆಮ್ಲದ ಕಡೆಗೆ) ಸುಮಾರು 8.2ರಿಂದ 8.1ಕ್ಕೆ ಇಳಿದಿದೆ, ಚಿಪ್ಪು ಕಟ್ಟಲು ಬೇಕಾದ ಕಾರ್ಬೊನೇಟ್ ಕಡಿಮೆಯಾಗುತ್ತಿದೆ. ಬೋರ್‌ವೆಲ್ ನೀರು ಬಳಸಬೇಡಿ. ನಮ್ಮ ಕಡೆಯ ಗಡಸು ನೀರಿನಲ್ಲಿ ಕ್ಯಾಲ್ಸಿಯಂ ತುಂಬಿರುತ್ತದೆ, ಎಷ್ಟು ಊದಿದರೂ ತಿಳಿಯಾಗದೆ ಹೋಗಬಹುದು. ಮಳೆನೀರು ಅಥವಾ ಆರ್‌ಓ ನೀರು ಸರಿ. ಊದಬೇಕೇ ಹೊರತು ಹೀರಬಾರದು. ಸುಣ್ಣ ಕಣ್ಣಿಗೆ ಸಿಡಿಯದ ಹಾಗೆ ದೊಡ್ಡವರು ಜೊತೆಗಿರಲಿ.

ಪ್ರಶ್ನೆ: ಬದುವಿನ ಮೇಲೆ ದೊಡ್ಡ ಹೊಂಗೆಮರ ಇದೆ. ಅದರಲ್ಲಿ ಎಷ್ಟು ಇಂಗಾಲ ಇದೆ ಅಂತ ಲೆಕ್ಕ ಹಾಕೋದು ಹೇಗೆ?
ರೈತರು, ಗುಬ್ಬಿ

ಉತ್ತರ: ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ ಟೇಪು ಸುತ್ತಿ. ಸುತ್ತಳತೆ 94 ಸೆಂ.ಮೀ. ಬಂತೆನ್ನಿ, 3.14ರಿಂದ ಭಾಗಿಸಿದರೆ ವ್ಯಾಸ 30. ಮರದ ಎತ್ತರ 8 ಮೀಟರ್, ಹೊಂಗೆಯ ಕಟ್ಟಿಗೆಯ ಸಾಂದ್ರತೆ (ಒಂದು ಘನ ಸೆಂ.ಮೀ.ಗೆ ಎಷ್ಟು ಗ್ರಾಂ) ಸುಮಾರು 0.6. ಸಾಂದ್ರತೆ × ವ್ಯಾಸದ ವರ್ಗ × ಎತ್ತರ = 4320. ಅದನ್ನು 0.055ರಿಂದ ಗುಣಿಸಿದರೆ ನೆಲದ ಮೇಲಿನ ಒಣತೂಕ ಅಂದಾಜು 240 ಕೆ.ಜಿ. ಬೇರಿಗೆ ಕಾಲುಭಾಗ ಸೇರಿಸಿ, 300. ಅರ್ಧ ಇಂಗಾಲ, 150. ಡೈಆಕ್ಸೈಡ್ ಲೆಕ್ಕಕ್ಕೆ 3.67ರಿಂದ ಗುಣಿಸಿ: 550 ಕೆ.ಜಿ.

ಕವಲು ನಾಲ್ಕೂವರೆ ಅಡಿಗಿಂತ ಕೆಳಗೇ ಒಡೆದಿದ್ದರೆ (ಹೊಂಗೆಯಲ್ಲಿ ಇದು ಮಾಮೂಲು) ಒಂದೊಂದನ್ನೂ ಬೇರೆ ಲೆಕ್ಕ ಮಾಡಿ ಕೊನೆಗೆ ಕೂಡಿಸಿ. ಸುತ್ತಳತೆಗಳನ್ನೇ ಕೂಡಿಸಿಬಿಟ್ಟರೆ ತೂಕ ಇಮ್ಮಡಿ ಬರುತ್ತದೆ. ಸೊಪ್ಪಿಗೆ ಕೊಂಬೆ ಸವರಿದ ಮರಕ್ಕೂ ಈ ಲೆಕ್ಕ ಜಾಸ್ತಿಯೇ ತೋರಿಸುತ್ತದೆ. ಇನ್ನೊಂದು ಮಾತು: ಒಂದು ಲೀಟರ್ ಡೀಸೆಲ್ ಉರಿದರೆ 2.7 ಕೆ.ಜಿ. ಡೈಆಕ್ಸೈಡ್. ನಿಮ್ಮ ಮರ ಇಷ್ಟು ವರ್ಷದಲ್ಲಿ ಕೂಡಿಟ್ಟದ್ದು ಟ್ರ್ಯಾಕ್ಟರಿನ 200 ಲೀಟರಿಗೆ ಸಮ.

ಪ್ರಶ್ನೆ: ನೀಲಗಿರಿ ಬೇಗ ಬೆಳೆಯುತ್ತೆ. ಹಾಗಾದರೆ ಕಾಡಿಗಿಂತ ನೀಲಗಿರಿ ತೋಪೇ ಒಳ್ಳೆಯದಲ್ಲವೇ?
ಓದುಗರು, ಮಾಲೂರು

ಉತ್ತರ: ಬೇಗ ಹೀರುತ್ತದೆ, ಬೇಗ ವಾಪಸೂ ಕೊಡುತ್ತದೆ. ಕೆಲವೇ ವರ್ಷಕ್ಕೆ ಕಡಿದು ಕಾಗದದ ಕಾರ್ಖಾನೆಗೋ ಸೌದೆಗೋ ಹಾಕಿದರೆ ಬಹುಪಾಲು ಇಂಗಾಲ ಬೇಗನೆ ಗಾಳಿ ಸೇರುತ್ತದೆ. ಕಾಂಡದ ಲೆಕ್ಕ ಮತ್ತೆ ಸೊನ್ನೆಯಿಂದ. ಹಾಗಾಗಿ ಕಡಿಯುವ ದಿನದ ತೂಕ ನೋಡಬೇಡಿ, ಸುತ್ತಿನುದ್ದಕ್ಕೂ ತೋಪಿನಲ್ಲಿ ಸರಾಸರಿ ಎಷ್ಟು ನಿಂತಿತ್ತು ನೋಡಿ, ಹೆಚ್ಚೂಕಡಿಮೆ ಅರ್ಧ. ದೇವರಾಯನದುರ್ಗದ ಕಾಡು ನಿಧಾನವಾಗಿ ಬೆಳೆದರೂ ಕಾಂಡ, ಬೇರು, ತರಗೆಲೆ, ಮಣ್ಣು ಎಲ್ಲದರಲ್ಲೂ ದಶಕಗಟ್ಟಲೆ ಹಿಡಿದಿಡುತ್ತದೆ. ಬೇಸಿಗೆಯ ಬೆಂಕಿ ಬೀಳದಿದ್ದರೆ ಎಂಬ ಷರತ್ತು ಮಾತ್ರ ಇದೆ.

ಪ್ರಶ್ನೆ: ಕಾಡು, ಸಮುದ್ರ ಎರಡೂ ಹೀರುತ್ತಿರುವಾಗ ಗಾಳಿಯಲ್ಲಿ ಯಾಕೆ ಏರುತ್ತಲೇ ಇದೆ?
ಓದುಗರು, ಚಿಂತಾಮಣಿ

ಉತ್ತರ: ಮನುಷ್ಯರು ಬಿಡುವ 100 ಪಾಲಿನಲ್ಲಿ ಸುಮಾರು 25 ಸಮುದ್ರಕ್ಕೆ, 30 ಕಾಡು-ಮಣ್ಣಿಗೆ. ಉಳಿದ 45 ಗಾಳಿಯಲ್ಲೇ. ಹವಾಯಿಯ ಮೌನಾ ಲೋವಾದಲ್ಲಿ 1958ರಲ್ಲಿ ಅಳತೆ ಶುರುವಾದಾಗ ಗಾಳಿಯ 10 ಲಕ್ಷ ಅಣುಗಳಲ್ಲಿ ಸುಮಾರು 315 ಇತ್ತು. 2024ರಲ್ಲಿ ಅದು 420ಕ್ಕಿಂತ ಹೆಚ್ಚಿತ್ತು.