ಹೊಸ ನೀರು ಮತ್ತು ಪಟಿಕದ ಲೆಕ್ಕ

ಪ್ರಶ್ನೆ: ಮಳೆಗಾಲದಲ್ಲಿ ಕಾವೇರಿ ಕೆಂಪಾಗಿ ಹರಿದರೂ ನಮ್ಮ ನಲ್ಲಿಗೆ ತಿಳಿನೀರೇ ಬರುತ್ತದೆ. ಶುದ್ಧೀಕರಣ ಘಟಕದ ಹಿರಿಯ ಆಪರೇಟರ್ ಆಗ ಮಾಡುವುದೇನು?
– ಓದುಗರೊಬ್ಬರು, ಮೈಸೂರು

ಉತ್ತರ: ಮುಖ್ಯವಾಗಿ, ಪಟಿಕದ ಪ್ರಮಾಣವನ್ನು ನಿರ್ಧರಿಸುತ್ತಾರೆ. ನದಿಯ ನೀರನ್ನು ಸಾಲಾಗಿಟ್ಟ ಬೀಕರುಗಳಿಗೆ ತುಂಬಿ, ಒಂದಕ್ಕಿಂತ ಒಂದಕ್ಕೆ ತುಸು ಹೆಚ್ಚು ಪಟಿಕದ ದ್ರಾವಣ ಬೆರೆಸಿ, ಮೊದಲು ವೇಗವಾಗಿಯೂ ಬಳಿಕ ನಿಧಾನವಾಗಿಯೂ ಕಲಕಿ ಬಿಟ್ಟರೆ, ಮಣ್ಣಿನ ಕಣಗಳು ಹತ್ತಿಯ ಚೂರುಗಳಂತೆ ಗಂಟುಕಟ್ಟಿ ತಳಕ್ಕಿಳಿಯುತ್ತವೆ. ಕಡಿಮೆ ಪಟಿಕದಲ್ಲೇ ಚೆನ್ನಾಗಿ ತಿಳಿಯಾದ ಬೀಕರಿನ ಲೆಕ್ಕ ಘಟಕಕ್ಕೆ ಅನ್ವಯವಾಗುತ್ತದೆ. ಹೊಸ ನೀರು ಬಂದ ದಿನ ಬೆಳಗಿನ ಲೆಕ್ಕ ಸಂಜೆಗೆ ನಡೆಯದು. ಪಟಿಕ ಹೆಚ್ಚಾದಷ್ಟೂ ನೀರು ತಿಳಿಯಾಗುತ್ತದೆಂಬುದು (ಮನೆಯ ಹಂಡೆಯಲ್ಲೂ ನಾವು ಮಾಡುವ ತಪ್ಪು) ನಿಜವಲ್ಲ, ಅತಿಯಾದರೆ ಕಣಗಳು ಮತ್ತೆ ತೇಲಬಹುದು. ಮರಳಿನಲ್ಲಿ ಸೋಸಿದ ಮೇಲೆ ಕ್ಲೋರಿನ್ ಸೇರಿಸುವಾಗಲೂ, ದೂರದ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಯುವಂತೆ ಅವರು ನೋಡಿಕೊಳ್ಳಬೇಕು.